ಕಟ್ಟೆಯ ಮೇಲಿನ ತಾಟು

ಎಂಬತ್ತರ ದಶಕದ ಮಾತು. ಕಾಲು ಬಾತಿವೆಯೆಂದು ಮಾನ್ವಿಯಲ್ಲಿ ನನ್ನ ರಕ್ತ ಪರೀಕ್ಷೆ ಮಾಡಿದರು. ಮೈಯೊಳಗಿನ ಉರಿಯೂತ ತೋರಿಸುವ ಇಎಸ್‌ಆರ್ ಏರಿತ್ತು. ಆಗ ನಮ್ಮ ಮನೆಯಲ್ಲಿ ಅದಕ್ಕೆ ಒಂದೇ ಅರ್ಥ: ಟಿಬಿ. ನನಗೆ ಕೆಮ್ಮೇ ಇರಲಿಲ್ಲ, ಯಾರು ಕೇಳಬೇಕು? ಅತ್ತೆ ನನ್ನ ತಾಟು, ಗ್ಲಾಸು ಹೊರಗಿನ ಕಟ್ಟೆಯ ಮೇಲಿಟ್ಟರು.

ಕೆಲವು ತಿಂಗಳ ಮೇಲೆ ರಾಯಚೂರಿನ ಡಾಕ್ಟರು ಮೂತ್ರವನ್ನೂ ಪರೀಕ್ಷಿಸಿ, "ಟಿಬಿ ಅಲ್ರೀ, ಕಿಡ್ನಿ ರೋಗ ಅದ. ಇದ್ರಾಗೂ ಇಎಸ್‌ಆರ್ ಏರತದ" ಎಂದರು.

ಅಂದು ಅತ್ತೆ, "ಬಾರವ್ವಾ, ಕೂಡಿ ಉಣ್ಣೂಣು" ಎಂದು ಒಳಗೆ ಕರೆದರು. ನಾನು ರೊಟ್ಟಿ ಮುರಿಯುವಷ್ಟರಲ್ಲಿ ಪುಟ್ಟ ಮಗಳು ತನ್ನ ತಾಟನ್ನು ದೂರ ಎಳೆದುಕೊಂಡಳು.

"ಯವ್ವಾ, ನೀ ಹೊರಗ ಹೋಗಬೇ."

ನಾಚಿಕೆಯಾಗಬೇಕಾದದ್ದು ಅವಳಿಗೆ ಹಾಗೆ ಕಲಿಸಿದ ದೊಡ್ಡವರಿಗೆ. ತಲೆ ತಗ್ಗಿಸಿ ಎದ್ದು ಹೋದವಳು ನಾನು.