ಇಂಚಪ್ಪ ಕತ್ತರಿಸಿದ ಮನೆ

ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಬಿಟ್ಟರೆ ಅವನ ನಿಜವಾದ ಹೆಸರು ಬೇರೆಲ್ಲೂ ಬಳಕೆಯಲ್ಲಿರಲಿಲ್ಲ. ಬೀದಿಗೆಲ್ಲ ಅವನು ಇಂಚಪ್ಪ. ಕೊರಳಲ್ಲಿ ಸದಾ ನೇತಾಡುವ ಟೇಪು, ಕಿವಿಗೆ ಸಿಕ್ಕಿಸಿದ ಪೆನ್ಸಿಲ್ಲು, ಎದುರಿಗೆ ಬಂದವರ ಮುಖಕ್ಕಿಂತ ಮೊದಲು ಭುಜ ನೋಡುವ ಕಣ್ಣು. ಒಮ್ಮೆ ಬೇಕರಿಯಲ್ಲಿ ನಿಂತು, ಈ ವಾರದ ಬ್ರೆಡ್ಡು ಹೋದ ವಾರದ್ದಕ್ಕಿಂತ ಅರ್ಧ ಇಂಚು ಗಿಡ್ಡ ಎಂದು ಟೇಪು ಹಿಡಿದು ಸಾಬೀತು ಮಾಡಿದ ಮೇಲೆ ಆ ಹೆಸರು ಖಾಯಂ ಆಯಿತು.

ಅವನು ದರ್ಜಿ. ಅಳತೆ ತೆಗೆದು ಹೊಲಿಯುವುದರಲ್ಲಿ ಎತ್ತಿದ ಕೈ. ರೆಡಿಮೇಡ್ ಎಂಬ ಮಾತು ಕಿವಿಗೆ ಬಿದ್ದರೆ ಮಾತ್ರ ಮೈಯೆಲ್ಲ ಉರಿ.

"ಭುಜ ಇವರದ್ದು, ತೋಳು ಇನ್ಯಾರದ್ದೋ! ಊರವರ ಮೈಗೆ ಅಂತ ಹೊಲ್ದಿದ್ದನ್ನ ಹಾಕ್ಕೊಂಡು ಓಡಾಡ್ತಾರಲ್ಲ, ನಾಚ್ಕೆ ಆಗಲ್ವಾ?" ಎಂದು ಗಿರಾಕಿಯ ಹೊಟ್ಟೆಗೆ ಟೇಪು ಸುತ್ತುತ್ತಾ ಕೇಳುವನು. ಗಿರಾಕಿ ಹೊಟ್ಟೆ ಒಳಗೆಳೆದುಕೊಂಡು ನಿಂತಿದ್ದರೆ, "ಉಸಿರು ಬಿಡಿ ಸ್ವಾಮಿ, ಇದ್ದದ್ದನ್ನ ಬರ್ಕೋತೀನಿ," ಎನ್ನುವನು. ದೊಡ್ಡ ದೊಡ್ಡ ಮನುಷ್ಯರು ಅವನ ಮುಂದೆ ಉಸಿರು ಬಿಟ್ಟು ಚಿಕ್ಕವರಾಗಿದ್ದಾರೆ.

ಒಂದು ವಿಷಯ ಮೊದಲೇ ಹೇಳಿಬಿಡುವುದು ಒಳ್ಳೆಯದು, ಅವನಿಗೆ ಬೇಜಾರಾದರೂ ಚಿಂತೆಯಿಲ್ಲ. ಅಂಗಡಿ ನಡೆಯುತ್ತಿದ್ದದ್ದು ಅವನ ಕತ್ತರಿಯಿಂದಲ್ಲ. ಅಂಗಡಿಯ ನಡುವೆ ಒಂದು ಪರದೆ ಇತ್ತು. ಪರದೆಯ ಆಚೆ ಅವನ ಹೆಂಡತಿಯ ಮೆಷಿನ್ನು. ಊರವರು ಕೊಂಡು ತಂದ ರೆಡಿಮೇಡ್ ಪ್ಯಾಂಟಿನ ಕಾಲು ಗಿಡ್ಡ ಮಾಡುವುದು, ಸೊಂಟ ಸಡಿಲಿಸುವುದು, ತೋಳು ಕಿರಿದು ಮಾಡುವುದು, ಇದೆಲ್ಲ ಅವಳ ಕೆಲಸ. ದಿನಕ್ಕೆ ಇಬ್ಬರು ಇಂಚಪ್ಪನ ಹತ್ತಿರ ಬಂದರೆ ಹನ್ನೆರಡು ಮಂದಿ ಪರದೆಯ ಆಚೆ ಹೋಗುತ್ತಿದ್ದರು. ಇಂಚಪ್ಪ ಆ ಕೆಲಸವನ್ನು 'ರಿಪೇರಿ' ಎಂದು ಕರೆಯುತ್ತಿದ್ದ. ಪರದೆ ಹಾಕಿಸಿದವನೂ ಅವನೇ.

ಅವನ ಅತಿ ದೊಡ್ಡ ಹೆಮ್ಮೆ ಅಳತೆ ಪುಸ್ತಕದ ಮೊದಲ ಪುಟ. ಅಲ್ಲಿ ಮದುವೆಯ ವಾರ ತೆಗೆದ ಹೆಂಡತಿಯ ಅಳತೆ ಇತ್ತು. "ಇಪ್ಪತ್ತೆರಡು ವರ್ಷ! ವರ್ಷಕ್ಕೊಂದು ಡ್ರೆಸ್ಸು, ಎಲ್ಲಾ ಇದೇ ಅಳತೇಲಿ. ಒಂದು ದಿನ ಬಿಗಿ ಅಂದಿಲ್ಲ, ಸಡಿಲ ಅಂದಿಲ್ಲ. ಕಟಿಂಗ್ ಅಂದ್ರೆ ಅದು!" ಎಂದು ಬಂದವರಿಗೆಲ್ಲ ಪುಟ ತೆರೆದು ತೋರಿಸುತ್ತಿದ್ದ. ಆಗ ಪರದೆಯ ಆಚೆ ಮೆಷಿನ್ನಿನ ಸದ್ದು ಒಂದು ಗಳಿಗೆ ನಿಂತು ಮತ್ತೆ ಶುರುವಾಗುತ್ತಿತ್ತು.

ಇಂಥವನು ಮನೆ ಮಾಡಿಕೊಳ್ಳಲು ಹೊರಟ.

ಅವರು ಬಾಡಿಗೆಗೆ ಇದ್ದದ್ದು ಅಂಗಡಿಯ ಮೇಲೆ. ಹದಿನೇಳು ಮೆಟ್ಟಿಲು. ಹೆಂಡತಿಗೆ ನಾಲ್ಕು ವರ್ಷದಿಂದ ಎರಡೂ ಮಂಡಿ ನೋವು. ಒಂಬತ್ತನೇ ಮೆಟ್ಟಿಲಿನಲ್ಲಿ ಗೋಡೆ ಹಿಡಿದು ನಿಂತು, ಉಸಿರು ತೆಗೆದುಕೊಂಡು, ಮತ್ತೆ ಹತ್ತುತ್ತಿದ್ದಳು. ಡಾಕ್ಟರು, "ಮೆಟ್ಟಿಲು ಬಿಡಿ, ಇಲ್ಲಾಂದ್ರೆ ಮಂಡಿ ನಿಮ್ಮನ್ನ ಬಿಡುತ್ತೆ," ಎಂದಿದ್ದರು. ಅವಳಿಗೆ ಬೇಕಾಗಿದ್ದದ್ದು ನೆಲದ ಮೇಲಿನ ಒಂದು ಮನೆ, ಆದಷ್ಟು ಬೇಗ. ಎರಡು ಬೀದಿಯಾಚೆ ಏಣಿ ಮಾಸ್ತರ ಮನೆ ಮಾರಾಟಕ್ಕಿತ್ತು. ಆರೂಕಾಲು ಅಡಿ ಎತ್ತರದ ಆ ನಿವೃತ್ತ ಮೇಷ್ಟ್ರಿಗೆ ಶಾಲೆಯ ಮಕ್ಕಳು ಇಟ್ಟ ಹೆಸರು ಅದು.

"ಕಟ್ಟಿದ ಮನೆನಾ? ಇನ್ನೊಬ್ಬರು ಹಾಕಿ ಬಿಟ್ಟ ಅಂಗಿನಾ?" ಇಂಚಪ್ಪ ಮೂಗು ಮುರಿದ. "ನಿನಗೆ ಅಂತ ಅಳತೆ ಹಿಡಿದು ಕಟ್ಟಿಸ್ತೀನಿ ಕಣೇ. ಒಂದೂ ಮೆಟ್ಟಿಲು ಇರಲ್ಲ, ನೋಡು."

ಅದು ಸುಳ್ಳಾಗಲಿಲ್ಲ. ಆ ಮನೆಗೆ ಒಂದೂ ಮೆಟ್ಟಿಲಿರಲಿಲ್ಲ. ಬಾಗಿಲು, ಗೋಡೆ, ಸೂರು ಕೂಡ ಇರಲಿಲ್ಲ. ಊರ ಅಂಚಿನಲ್ಲಿ ನಲವತ್ತು ಅಡಿ ಉದ್ದದ ಸೈಟು ಕೊಂಡಿಟ್ಟು, ಮನೆಯನ್ನು ಅವನು ಖಾಕಿ ಕಾಗದದಲ್ಲಿ ಕತ್ತರಿಸುತ್ತಿದ್ದ. ಅಡಿಗೆ ಒಂದು ಇಂಚಿನ ಲೆಕ್ಕ. ಅಂಗಿಗೆ ಬೆನ್ನು, ತೋಳು, ಕಾಲರ್ ಬೇರೆ ಬೇರೆ ಕತ್ತರಿಸುವ ಹಾಗೆ ಹಜಾರ, ಮಲಗುವ ಕೋಣೆ, ಅಡುಗೆಮನೆ, ಬಚ್ಚಲು ಎಲ್ಲ ಬೇರೆ ಬೇರೆ ತುಂಡು. ಎಲ್ಲವೂ ದಾರದಲ್ಲಿ ಪೋಣಿಸಿಕೊಂಡು ಗೋಡೆಯ ಮೊಳೆಗೆ ನೇತಾಡುತ್ತಿದ್ದವು. ಒಮ್ಮೆ ಪಿಯುಸಿ ಓದುತ್ತಿದ್ದ ಮಗಳು ಗೊತ್ತಿಲ್ಲದೆ ಹಜಾರವನ್ನು ತನ್ನ ವಿಜ್ಞಾನದ ಪುಸ್ತಕಕ್ಕೆ ಹೊದಿಸಿಕೊಂಡು ಹೋದಳು. ಒಂದು ತಿಂಗಳು ಆ ಮನೆಗೆ ಹಜಾರವೇ ಇರಲಿಲ್ಲ.

ಮೂರು ವರ್ಷ ಕತ್ತರಿಸಿದ ಮೇಲೆ, ಹೆಂಡತಿಯ ಕಾಟ ತಡೆಯಲಾರದೆ, ಮೇಸ್ತ್ರಿಯನ್ನು ಕರೆಸಿ ಕಾಗದದ ಕಟ್ಟನ್ನು ಕೊಟ್ಟ. "ಒಂದೊಂದೇ ತುಂಡು ಅಳೆದು, ನೆಲದ ಮೇಲೆ ಗುರುತು ಹಾಕು. ನನ್ನ ಲೆಕ್ಕ ತಪ್ಪಲ್ಲ," ಎಂದು ಹೇಳಿ, ಒಂದು ಕೋಟಿನ ಟ್ರಯಲ್ ಮುಗಿಸಿ ಮಧ್ಯಾಹ್ನ ಸೈಟಿಗೆ ಹೋದ.

ಮೇಸ್ತ್ರಿ ಸುಣ್ಣದ ಪುಡಿಯಲ್ಲಿ ಗೆರೆ ಎಳೆದು ಮುಗಿಸಿದ್ದ. ಆದರೆ ಸೊಂಟದ ಮೇಲೆ ಕೈಯಿಟ್ಟು ಹಿಂದಿನ ಬೇಲಿಯ ಕಡೆ ನೋಡುತ್ತಿದ್ದ. ಬೇಲಿಯ ಆಚೆ ಪಕ್ಕದ ಸೈಟಿನ ಹೆಂಗಸೂ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು.

"ಯಜಮಾನ್ರೇ, ನಿಮ್ಮ ಬಚ್ಚಲು ಬೇಲಿ ದಾಟಿ ಎರಡು ಅಡಿ ಇವರ ಮೂಲಂಗಿ ಪಾತಿಗೆ ಹೋಗಿದೆ," ಎಂದ ಮೇಸ್ತ್ರಿ.

"ನನ್ನದೇನೂ ಅಭ್ಯಂತರ ಇಲ್ಲಪ್ಪ," ಎಂದಳು ಆಕೆ. "ಸ್ನಾನದ ನೀರು ಗಿಡಕ್ಕೆ ಬಿದ್ರೆ ಒಳ್ಳೇದೇ. ಸೋಪು ಮಾತ್ರ ಕಮ್ಮಿ ಹಾಕ್ಕೊಳ್ಳಿ."

ಇಂಚಪ್ಪ ಅಳೆದ. ಮತ್ತೆ ಅಳೆದ. ಮುಂದೆ ಎರಡು ಅಡಿ, ಹಿಂದೆ ಎರಡು ಅಡಿ ಬಿಟ್ಟು, ನಾಲ್ಕು ಕೋಣೆ ಸಾಲಾಗಿ ಮೂವತ್ತಾರು ಅಡಿ ಬರಬೇಕು. ನೆಲದ ಮೇಲೆ ನಲವತ್ತು ಇತ್ತು. ಹತ್ತು ಅಡಿಯ ಹಜಾರದ ಕಾಗದ ತೆಗೆದು ಟೇಪು ಹಿಡಿದ. ಹನ್ನೊಂದು ಇಂಚು. ಅವನ ಮುಖ ಸಪ್ಪಗಾಯಿತು.

"ಮಾರ್ಜಿನ್ನು," ಎಂದ ಮೆಲ್ಲಗೆ.

"ಏನು ಹಂಗಂದ್ರೆ?"

"ಹೊಲಿಗೆಗೆ ಬಿಡೋ ಬಟ್ಟೆ. ಸುತ್ತಲೂ ಅರ್ಧ ಇಂಚು ಬಿಟ್ಟೇ ಕತ್ತರಿಸೋದು. ಒಳಗೆ ಮಡಚಿ ಹೊಲಿಯೋಕೆ. ಕೈಗೆ ಅದೇ ಅಭ್ಯಾಸ."

ಮೇಸ್ತ್ರಿ ಕಾಗದದ ಅಂಚನ್ನು ಒಮ್ಮೆ ಮಡಚಿ ನೋಡಿದ. "ಗೋಡೆ ಮಡಚೋಕೆ ನಂಗೆ ಬರಲ್ಲ ಯಜಮಾನ್ರೇ," ಎಂದ.

ಅಂಚು ಕತ್ತರಿಸಿ ಎಸೆದಿದ್ದರೆ ಅಲ್ಲೇ ಮುಗಿಯುತ್ತಿತ್ತು. ಆದರೆ ಇಂಚಪ್ಪನ ಮರ್ಯಾದೆ ಮೂಲಂಗಿ ಪಾತಿಯಲ್ಲಿ ಬಿದ್ದಿತ್ತಲ್ಲ, ಅದನ್ನು ಎತ್ತಿಕೊಳ್ಳದೆ ಅವನು ಬಿಡುವನೇ? ಮೊದಲಿನಿಂದ ಎಲ್ಲ ಹೊಸದಾಗಿ ಕತ್ತರಿಸುತ್ತೇನೆಂದು ಹಟ ಹಿಡಿದ. ಅಷ್ಟು ದಿನ ಕಾಯಲಾಗದ ಮೇಸ್ತ್ರಿ ಬೇರೆ ಕೆಲಸ ಒಪ್ಪಿಕೊಂಡು ಹೋದ.

ಸಂಜೆ ಮನೆಗೆ ಬಂದರೆ ಹೆಂಡತಿ ಒಂಬತ್ತನೇ ಮೆಟ್ಟಿಲಿನಲ್ಲಿ ತರಕಾರಿ ಚೀಲ ಇಟ್ಟುಕೊಂಡು ನಿಂತಿದ್ದಳು.

"ಯಾವಾಗ ಪಾಯ?" ಎಂದಳು.

"ಇನ್ನೊಂದು ವರ್ಷ. ಹೆಚ್ಚೆಂದ್ರೆ ಒಂದೂವರೆ."

ಅವಳು ಸಿಟ್ಟಾಗಲಿಲ್ಲ. ಉಳಿದ ಎಂಟು ಮೆಟ್ಟಿಲು ಹತ್ತಿ, ಚೀಲ ಇಳಿಸಿ, "ನಾಳೆ ಮಾಸ್ತರ ಮನೆ ನೋಡೋಕೆ ಹೋಗ್ತಿದೀವಿ. ಮೂರು ವರ್ಷದಿಂದ ಹಾಗೇ ಉಳಿದಿತ್ತು, ಈಗ ಯಾರೋ ಕೇಳ್ತಿದಾರೆ. ಭಾನುವಾರದೊಳಗೆ ನಾವು ಹೇಳದಿದ್ರೆ ಅವರಿಗೆ ಕೊಡ್ತಾರಂತೆ. ಬರ್ತೀರೋ, ನಾನೊಬ್ಬಳೇ ಹೋಗ್ಲೋ?" ಎಂದಳು. ಮರುದಿನ ಇಂಚಪ್ಪ ಟೇಪು ಹಾಕಿಕೊಂಡು ಹೊರಟ, ತಪ್ಪು ಹುಡುಕಲು.

ತಪ್ಪುಗಳಿಗೇನೂ ಬರ ಇರಲಿಲ್ಲ. ಮಾಸ್ತರು ತಮ್ಮ ಎತ್ತರಕ್ಕೆ ತಕ್ಕಂತೆ ಕಟ್ಟಿಸಿದ ಮನೆ. ಚಿಲಕ ಇಂಚಪ್ಪನ ಹಣೆಯ ಮಟ್ಟಕ್ಕಿತ್ತು. ಗೋಡೆಯ ಕನ್ನಡಿಯಲ್ಲಿ ಅವನಿಗೆ ತನ್ನ ಕೂದಲು ಮಾತ್ರ ಕಂಡಿತು, ಅದೂ ಹೆಚ್ಚಿಗೆ ಏನಿರಲಿಲ್ಲ. ಅಡುಗೆ ಕಟ್ಟೆಯ ಮುಂದೆ ಹೆಂಡತಿ ನಿಂತರೆ ಕಟ್ಟೆ ಅವಳ ಎದೆಗೆ ಬಂತು. ಇಂಚಪ್ಪ ಒಂದೊಂದನ್ನೂ ಅಳೆದು ಖುಷಿಯಾಗಿ ಬರೆದುಕೊಂಡ. ಹೆಂಡತಿ ಮಾತ್ರ ಅಡುಗೆಮನೆಯ ಕಿಟಕಿಯಿಂದ ಬೀಳುವ ಬೆಳಕನ್ನು ನೋಡುತ್ತಾ ನಿಂತಿದ್ದಳು. ಬಾಗಿಲಿಗೆ ಒಂದೇ ಮೆಟ್ಟಿಲು, ಅದನ್ನು ಅವಳು ಆಗಲೇ ಎರಡು ಸಲ ಹತ್ತಿ ಇಳಿದು ನೋಡಿದ್ದಳು.

"ನಿಮ್ಮ ಅಳತೆಗೆ ಸರಿಯಾಗಿ ಕಟ್ಟಿಸ್ಕೊಂಡಿದೀರಿ ಮೇಷ್ಟ್ರೇ," ಎಂದು ಇಂಚಪ್ಪ ಚುಚ್ಚಿದ.

"ಕಟ್ಟಿಸಿದಾಗ ಸರಿ ಇತ್ತಪ್ಪ," ಎಂದು ಮಾಸ್ತರು ನಕ್ಕರು. ಈಗ ಅವರ ಬೆನ್ನು ಬಾಗಿತ್ತು. ಮಾತಾಡುತ್ತಲೇ ಮೂಲೆಯಿಂದ ಕೊಡೆ ತೆಗೆದು, ಅದರ ಹಿಡಿಯಿಂದ ಗೋಡೆಯ ಗೂಟದ ಮೇಲಿದ್ದ ಟವೆಲ್ಲನ್ನು ಎಳೆದುಕೊಂಡರು. "ಈಗ ಕೊಡೆ ಇಲ್ದೆ ಕೈಗೆ ಏನೂ ಸಿಗಲ್ಲ."

ಇಂಚಪ್ಪನಿಗೆ ಅದೇಕೋ ಹಿಡಿಸಲಿಲ್ಲ. ಅದನ್ನು ಬರೆದುಕೊಳ್ಳಲೂ ಇಲ್ಲ.

ಅಂಗಡಿಗೆ ಮರಳಿದ್ದೇ ತಡ, ಅವನ ಬಾಯಿ ಬಿಚ್ಚಿತು. "ಹನ್ನೊಂದು ತಪ್ಪು! ಆ ಕಟ್ಟೆ ನೋಡಿದ್ಯಾ? ಅಡುಗೆ ಮಾಡೋಕೆ ಏಣಿ ಹಾಕ್ಬೇಕು. ನನ್ನ ಪ್ಲಾನಲ್ಲಿ ಕಟ್ಟೆ ನಿನ್ನ ಮೊಣಕೈಗಿಂತ ನಾಲ್ಕೇ ಇಂಚು ಕೆಳಗೆ. ಈ ಪುಟ ನೋಡಿ ಹಾಕಿದ್ದು. ನಿನ್ನ ಅಳತೆ ನನಗೆ ಗೊತ್ತಿಲ್ವಾ?"

ಹೆಂಡತಿ ಆ ಪುಟವನ್ನೊಮ್ಮೆ ನೋಡಿದಳು. ಆಮೇಲೆ ಮೆಟ್ಟಿಲು ಹತ್ತಿದಳು. ಒಂಬತ್ತನೆಯದರಲ್ಲಿ ಅವಳ ಹೆಜ್ಜೆ ನಿಂತದ್ದು ಇಂಚಪ್ಪನಿಗೆ ಕೇಳಿಸಿತು. ಮತ್ತೆ ಇಳಿಯುವಾಗಲೂ ನಿಂತಿತು. ಅವಳ ತೋಳಿನ ತುಂಬ ಬಟ್ಟೆಗಳಿದ್ದವು, ಅವನು ವರ್ಷವರ್ಷವೂ ಹೊಲಿದುಕೊಟ್ಟ ಡ್ರೆಸ್ಸುಗಳು. ಎಲ್ಲವನ್ನೂ ಒಳಮೈ ಹೊರಗೆ ಮಾಡಿ ಕಟಿಂಗ್ ಮೇಜಿನ ಮೇಲೆ ಹರಡಿದಳು.

ಇಂಚಪ್ಪ ಬಗ್ಗಿ ನೋಡಿದ. ಅವನ ಹೊಲಿಗೆ ಎಲ್ಲಿ ನಿಂತು ಅವಳ ಹೊಲಿಗೆ ಎಲ್ಲಿ ಶುರುವಾಗುತ್ತದೆ ಎಂದು ಅವನು ಕಣ್ಣು ಮುಚ್ಚಿ ಬೆರಳಲ್ಲಿ ಹೇಳಬಲ್ಲ. ಮೊದಲ ಎರಡು ವರ್ಷದವು ಅವನದೇ. ಮಗಳು ಹುಟ್ಟಿದ ವರ್ಷದ್ದರಲ್ಲಿ ಪಕ್ಕದ ಹೊಲಿಗೆ ಬಿಚ್ಚಿ ಕಾಲು ಇಂಚು ಸಡಿಲಿಸಿತ್ತು. ಅದರ ನಂತರದವುಗಳಲ್ಲಿ ಇನ್ನಷ್ಟು. ತೋಳು, ಸೊಂಟ, ಬೆನ್ನು, ಎಲ್ಲ ಕಡೆ ಅವನ ಗೆರೆಯ ಪಕ್ಕ ಅವಳ ಸಣ್ಣ, ಒತ್ತಾದ ಹೊಲಿಗೆ. ಕಳೆದ ವರ್ಷದ್ದರಲ್ಲಿ ಬಿಚ್ಚಲು ಬಟ್ಟೆಯೇ ಉಳಿದಿರಲಿಲ್ಲ. ಕಂಕುಳ ಕೆಳಗೆ ಯಾವುದೋ ಗಿರಾಕಿಯ ಪ್ಯಾಂಟಿನಿಂದ ಕತ್ತರಿಸಿದ ಪಟ್ಟಿ ಸೇರಿಸಿದ್ದಳು.

ಇಪ್ಪತ್ತು ವರ್ಷ ಅವನು ಊರಿಗೆಲ್ಲ ಡಂಗುರ ಸಾರಿದ್ದು ಈ ರಿಪೇರಿಯನ್ನು.

"ಯಾಕೆ ಹೇಳಲಿಲ್ಲ?" ಎಂದ.

"ಅಷ್ಟು ಖುಷಿಯಾಗಿ ಎಲ್ಲರಿಗೂ ಪುಟ ತೋರಿಸ್ತಿದ್ರಲ್ಲ, ಹೇಳೋಕೆ ಮನಸ್ಸು ಬರಲಿಲ್ಲ. ಅರ್ಧ ಗಂಟೆ ಕೆಲಸ, ಅದೇನು ಮಹಾ. ಮಾರ್ಜಿನ್ನೂ ಧಾರಾಳವಾಗಿ ಬಿಟ್ಟಿರ್ತಿದ್ರಿ." ಅವಳು ಒಂದು ಡ್ರೆಸ್ಸನ್ನು ಮಡಚುತ್ತಾ ಹೇಳಿದಳು. "ಬಟ್ಟೆ ಆದ್ರೆ ಬಿಚ್ಚಿ ಹೊಲ್ಕೋತೀನಿ ರೀ. ಗೋಡೆನ ನಾನೇನು ಮಾಡ್ಲಿ? ನೀವು ಮನೆ ಕಟ್ಟೋಕೆ ಹೊರಟಿರೋದು ಆ ಪುಟದಲ್ಲಿರೋ ಹುಡುಗಿಗೆ. ಅವಳು ನಿಂತ್ಕೊಂಡು ಅಡುಗೆ ಮಾಡ್ತಿದ್ಲು. ನನಗೆ ಹತ್ತು ನಿಮಿಷ ನಿಂತ್ರೆ ಮಂಡಿ ಕಿತ್ತು ಬರುತ್ತೆ. ಕೂತು ಹೆಚ್ಚೋ ಅಂಥ ಕಟ್ಟೆ ಬೇಕು. ನೀವು ಒಂದು ಸಲನಾದ್ರೂ ಕೇಳಿದೀರಾ?"

ಇಂಚಪ್ಪನಿಗೆ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚು ಸಂಕಟವಾಯಿತು. ದಿನಾ ಪಕ್ಕದಲ್ಲೇ ಓಡಾಡುವವಳನ್ನು ಬಿಟ್ಟು ಕಾಗದದಲ್ಲಿ ಇರುವವಳನ್ನು ನೋಡಿಕೊಂಡು ಇಷ್ಟು ವರ್ಷ ಕಳೆದೆನಲ್ಲ ಎಂದು ಮೇಜಿನ ಮುಂದೆ ಪೆದ್ದನ ಹಾಗೆ ನಿಂತ. ಆ ಹೊತ್ತಿಗೇ ಒಬ್ಬ ಗಿರಾಕಿ ಒಳಗೆ ಬಂದು, ಇಂಚಪ್ಪನನ್ನು ಕಂಡು ಕೈಯಲ್ಲಿದ್ದ ರೆಡಿಮೇಡ್ ಪ್ಯಾಂಟನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡ. "ಅಮ್ಮ ಬಿಡುವಾಗಿದ್ದಾರಾ?" ಎಂದ.

"ಕೊಡಿ ಸ್ವಾಮಿ," ಎಂದು ಇಂಚಪ್ಪ ಕೈಚಾಚಿದ. "ಇವಳ ಕೈ ಬಿದ್ರೆ ಯಾರ ಬಟ್ಟೆನಾದ್ರೂ ನಿಮ್ಮದೇ ಆಗುತ್ತೆ." ಗಿರಾಕಿ ಗಾಬರಿಯಾಗಿ ಪ್ಯಾಂಟು ಕೊಟ್ಟು ಹೋದ.

ಭಾನುವಾರ ಮಾಸ್ತರ ಹತ್ತಿರ ಮಾತು ಮುಗಿಯಿತು. ಸೈಟನ್ನು ಪಕ್ಕದ ಮೂಲಂಗಿಯ ಹೆಂಗಸೇ ಕೊಂಡಳು. ಅಷ್ಟು ಅಂದವಾಗಿ ಗೆರೆ ಎಳೆದಿಟ್ಟಿದ್ದಾರೆ ಎಂದು ಸುಣ್ಣದ ಗುರುತಿನ ಮೇಲೇ ಪಾತಿ ಮಾಡಿದಳಂತೆ. ಇಂಚಪ್ಪನ ಹಜಾರ, ಮಲಗುವ ಕೋಣೆ, ಬಚ್ಚಲು ಎಲ್ಲ ಕಡೆ ಈಗ ಮೂಲಂಗಿ ಬೆಳೆಯುತ್ತದೆ, ಮಾರ್ಜಿನ್ನಿನ ಸಮೇತ.

ಮಾಸ್ತರು ಖಾಲಿ ಮಾಡಿದ ಮರುದಿನ ಮೇಸ್ತ್ರಿ ಉಳಿ, ಸುತ್ತಿಗೆ ಹಿಡಿದು ಹಳೇ ಅಡುಗೆಮನೆಗೆ ಬಂದ. ಇಂಚಪ್ಪ ಅಳತೆ ಪುಸ್ತಕ ತಂದಿದ್ದ. ಕಿಟಕಿಯ ಬಳಿ ಸ್ಟೂಲು ಹಾಕಿ ಹೆಂಡತಿಯನ್ನು ಕೂರಿಸಿ ಮೊಣಕೈಯ ಎತ್ತರ ಹಿಡಿದ. ಬರೆದುಕೊಂಡ. ಆಮೇಲೆ ನಿಲ್ಲಿಸಿ ಭುಜ, ಎದೆ, ಸೊಂಟಕ್ಕೂ ಟೇಪು ಸುತ್ತಿದ.

"ಕಟ್ಟೆಗೆ ಸೊಂಟ ಯಾಕ್ರೀ?"

"ಈ ವರ್ಷದ ಡ್ರೆಸ್ಸು ಬಾಕಿ ಇದೆ."

ಟೇಪು ಸೊಂಟಕ್ಕೆ ಬಂದಾಗ ಅವಳು, ಅಷ್ಟೆಲ್ಲ ಹೇಳಿದವಳು, ಎಲ್ಲ ಗಿರಾಕಿಗಳ ಹಾಗೆ ಹೊಟ್ಟೆಯನ್ನು ಒಳಗೆಳೆದುಕೊಂಡಳು.

"ಉಸಿರು ಬಿಡು," ಎಂದ ಇಂಚಪ್ಪ. "ಇದ್ದದ್ದನ್ನ ಬರ್ಕೋತೀನಿ."

ಅವಳು ನಕ್ಕು ಉಸಿರು ಬಿಟ್ಟಳು. ಅವನು ಹಳೆಯ ಅಳತೆಯ ಕೆಳಗೆ ಹೊಸದನ್ನು ಬರೆದ. ಮೇಸ್ತ್ರಿ ಕಾದು ಕಾದು ಸುತ್ತಿಗೆಯಿಂದ ಕಟ್ಟೆಯನ್ನೊಮ್ಮೆ ತಟ್ಟಿದ.

"ಯಜಮಾನ್ರೇ, ಎಷ್ಟು ಕೆಳಗೆ ಇಳಿಸ್ಲಿ?"

ಇಂಚಪ್ಪ ಪುಸ್ತಕ ನೋಡಿದ. ಲೆಕ್ಕ ನಾಲಿಗೆಯ ತುದಿಗೆ ಬಂದಿತ್ತು. ಪುಸ್ತಕ ಮುಚ್ಚಿ ಪೆನ್ಸಿಲ್ಲನ್ನು ಕಿವಿಗೆ ಸಿಕ್ಕಿಸಿಕೊಂಡ.

"ಅವಳನ್ನ ಕೇಳು," ಎಂದ.