ಕಳಿಸಿದವರೆಲ್ಲ ಎದ್ದೇಳಿ

ಸ್ನೇಹಿತರೇ, ಇವತ್ತು ಹೊಸೂರಿನಲ್ಲಿ ಮೊಮ್ಮಗಳ ಶಾಲೆಯಲ್ಲಿ ತಪ್ಪೊಪ್ಪಿಕೊಂಡು ಬಂದೆ. ಅವಳ ಸಹಪಾಠಿ ಭವ್ಯ ಕುಣಿಯುವಾಗ ಬಿದ್ದದ್ದನ್ನು ಯಾರೋ ವಾಟ್ಸಾಪ್ ಸ್ಟಿಕ್ಕರ್ ಮಾಡಿ ಹಂಚಿದ್ದರು. ಹುಡುಗಿ ವಾರದಿಂದ ಶಾಲೆ ಬಿಟ್ಟಿದ್ದಳು. ಇಂದು ಮಕ್ಕಳ ಜೊತೆ ಮನೆಯವರನ್ನೂ ಕರೆದಿದ್ದ ಸಭೆಗೆ ತಾಯಿ ಅವಳನ್ನು ಹೇಗೋ ಕರೆತಂದಿದ್ದರು.

"ಕಳಿಸಿದೋರೆಲ್ಲ ಎದ್ದೇಳಿ" ಎಂದರು ಹೆಡ್‌ಮಿಸ್. ಮಕ್ಕಳು ಯಾರೂ ಏಳಲಿಲ್ಲ. ನಾನು ಎದ್ದೆ.

"ಐ ಆಮ್ ಆಲ್ಸೋ ಗಿಲ್ಟಿ, ಮೇಡಂ. ವಾಕಿಂಗ್ ಗ್ರೂಪಿಗೆ ಕಳಿಸಿ ನಕ್ಕಿದ್ದೆ."

"ತಾತಾ, ಕೂತ್ಕೊ, ಮಾನ ಹೋಗ್ತದೆ!" ಮೊಮ್ಮಗಳು ಪಂಚೆ ಎಳೆದಳು. ನನ್ನಾಕೆ ಬದುಕಿದ್ದಿದ್ದರೆ ಅವಳೂ ಎಳೆಯುತ್ತಿದ್ದಳು. ಕೊನೆಗೆ ಮೊಮ್ಮಗಳೂ ಎದ್ದಳು, ಅವಳ ಹಿಂದೆ ಹನ್ನೊಂದು ಮಕ್ಕಳು.

ಭವ್ಯ ನೇರ ನನ್ನ ಹತ್ತಿರ ಬಂದು ಫೋನು ಇಸಕೊಂಡು ಸ್ಟಿಕ್ಕರ್ ಅಳಿಸಿದಳು. "ನಿಮ್ದು ಆಯ್ತು ತಾತ. ಇವ್ರನ್ನ ನಾಳೆ ಕ್ಲಾಸಲ್ಲಿ ವಿಚಾರಿಸ್ಕೊತೀನಿ."

ಭವ್ಯ ನಾಳೆ ಶಾಲೆಗೆ ಬರುವುದು ಖಚಿತ. ಉಳಿದವರು ಬರುತ್ತಾರೋ ಇಲ್ಲವೋ, ನೋಡಬೇಕು.