ಶಾಲುಗಳ ಸಾಲು

ಅವಳನ್ನು ಎಲ್ಲರೂ ತಾಳೆ ಅಕ್ಕ ಎನ್ನುತ್ತಾರೆ. ತಾಳೆ ಮರಕ್ಕೂ ಅವಳಿಗೂ ಸಂಬಂಧವಿಲ್ಲ. ಅಡುಗೆಮನೆಯ ಮೇಲಿನ ಹಲಗೆಯಿಂದ ಡಬ್ಬಿ ತೆಗೆಯಲು ಸ್ಟೂಲು ಹತ್ತುವವಳು ಅವಳು. ಅವಳ ಕೆಲಸ ತಾಳೆ ನೋಡುವುದು. ಕಣ್ಣು ಕಾಣದವರಿಗಾಗಿ ಪುಸ್ತಕಗಳನ್ನು ಓದಿಸಿ ರೆಕಾರ್ಡು ಮಾಡುವ ಒಂದು ಸಣ್ಣ ಸಂಸ್ಥೆಗೆ ಹನ್ನೊಂದು ವರ್ಷದಿಂದ ಮನೆಯಲ್ಲೇ ಕೂತು ಈ ಕೆಲಸ ಮಾಡುತ್ತಾಳೆ. ಯಾರೋ ಓದಿದ್ದು ಅವಳ ಕಂಪ್ಯೂಟರಿಗೆ ಬರುತ್ತದೆ. ಅಚ್ಚಾದ ಪುಸ್ತಕ ಮುಂದಿಟ್ಟುಕೊಂಡು ಕೇಳುತ್ತಾಳೆ. ಬಿಟ್ಟ ಪದ, ನುಂಗಿದ ಅಕ್ಷರ, ಅಡ್ಡ ಬಂದ ಕೆಮ್ಮು, ಎಲ್ಲಕ್ಕೂ ನಿಮಿಷ ಸೆಕೆಂಡು ಬರೆದು ಗುರುತು ಹಾಕಿ ಕಳಿಸುತ್ತಾಳೆ. ಓದಿದವರು ಆ ಸಾಲನ್ನು ಮತ್ತೆ ಓದಬೇಕು.

ಇದು ಕೂತು ಮಾಡುವ ಕೆಲಸ ಎಂದು ಮನೆಯವರ ತಿಳುವಳಿಕೆ. ಕೂತು ಕೇಳುವುದು ಮೊದಲ ಸಲ ಮಾತ್ರ. ಎರಡನೆಯ ಸಲ ಪುಸ್ತಕ ಬದಿಗಿಟ್ಟು, ಕೇಳುಗರು ಕೇಳುವ ಹಾಗೆ ಕೇಳಬೇಕು. ಅದನ್ನು ಅವಳು ಈರುಳ್ಳಿ ಹೆಚ್ಚುತ್ತ, ಬಟ್ಟೆ ಹಿಂಡುತ್ತ, ಫ್ರಿಜ್ಜಿನ ಬಾಗಿಲಿನ ರಬ್ಬರು ಒರೆಸುತ್ತ ಮಾಡುತ್ತಾಳೆ. ತಂತಿಯ ಹೆಡ್‌ಫೋನ್ ಎರಡು ಸಲ ಬಾಣಲೆಯ ಹಿಡಿಗೆ ಸಿಕ್ಕಿ ಎಳೆದಿತ್ತು. ಆಮೇಲೆ ತಂತಿಯಿಲ್ಲದ ಇಯರ್‌ಬಡ್ ಬಂತು. ಬೆಳಗಿನಿಂದ ಸಂಜೆಯವರೆಗೆ ಕೈಕಾಲು ಮನೆಯದು, ಕಿವಿಯಾದರೂ ನನ್ನದು ಎಂದು ಅವಳು ಅಂದುಕೊಂಡಿದ್ದಳು.

ಏಳು ವಾರದ ಹಿಂದೆ ಅತ್ತೆ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡರು. ಅವರ ಕೋಣೆ ಮನೆಯ ಆ ತುದಿ, ಕಂಪ್ಯೂಟರು ಈ ತುದಿ. ಮೊದಲೆರಡು ದಿನ ತಾಳೆ ಅಕ್ಕ ಪ್ರತಿ ಕೂಗಿಗೂ ಎದ್ದು ಓಡಿದಳು. ಗಂಡ ಸಾರಿಗೆ ಕಚೇರಿಯಲ್ಲಿ ಗುಮಾಸ್ತ. ಒಂದು ಭಾನುವಾರ ಇಡೀ ಕೂತು ಅದಕ್ಕೊಂದು ದಾರಿ ಹುಡುಕಿದ. ಅಮ್ಮನ ಹಾಸಿಗೆಯ ಪಕ್ಕ ಹಳೆಯ ಟ್ಯಾಬ್ಲೆಟ್ ನಿಲ್ಲಿಸಿ, ಅದರಿಂದ ಹೆಂಡತಿಯ ಕಂಪ್ಯೂಟರಿಗೆ ಒಂದು ಕರೆ ಜೋಡಿಸಿದ. ಬೆಳಗ್ಗೆ ಹಚ್ಚಿದರೆ ಸಂಜೆ ತಾನು ಬರುವವರೆಗೂ ಆ ಕರೆ ಕಟ್ಟಾಗುವುದಿಲ್ಲ.

“ನೋಡು, ಅಮ್ಮ ಕೂಗಿದ್ರೆ ನಿನ್ನ ಕಿವೀಲೇ ಕೇಳುತ್ತೆ. ನೀನು ಎಲ್ಲಿದ್ರೂ ಅಲ್ಲಿಂದಲೇ ‘ಬಂದೆ’ ಅನ್ನಬಹುದು. ಓಡೋ ಹಾಗೇ ಇಲ್ಲ.”

“‘ಬಂದೆ’ ಅಂದ್ಮೇಲೆ ಹೋಗ್ಬೇಕಲ್ರೀ?”

“ಅದು ಹೋಗ್ಬೇಕು, ಅದು ಬೇರೆ.”

ಗಂಡನ ಜಾಣ್ಮೆಯನ್ನು ನೆಂಟರೆಲ್ಲ ಹೊಗಳಿದರು.

ಅದರ ಮರುದಿನವೇ ಸಂಸ್ಥೆಯಿಂದ ಹೊಸ ಪುಸ್ತಕ ಬಂತು. ಶಾಲು ನೇಯುವ ಒಂದು ಮನೆತನದ ಕಾದಂಬರಿ. ಓದಿದವಳೂ ಹೊಸಬಳು, ಟೈಲರಮ್ಮ ಎನ್ನುತ್ತಿದ್ದರು. ಮಧ್ಯಾಹ್ನ ಅಂಗಡಿಯ ಬಾಗಿಲು ಎಳೆದುಕೊಂಡು ಬಂದು ಎರಡು ಗಂಟೆ ಓದಿ ಹೋಗುತ್ತಾಳಂತೆ. ಇಯರ್‌ಬಡ್ ಹಾಕಿಕೊಂಡು ಕೇಳಿದಾಗ ತಾಳೆ ಅಕ್ಕನ ಹುಬ್ಬು ಗಂಟಾಯಿತು. ಧ್ವನಿ ತಗಡಿನ ಕೊಳವೆಯೊಳಗೆ ಕೂತು ಓದಿದಂತಿತ್ತು. ಹೊಸಬಳು, ಮೈಕಿನ ಮುಂದೆ ಹೇಗೆ ಕೂರಬೇಕೆಂದು ಗೊತ್ತಿರಲಿಕ್ಕಿಲ್ಲ ಅಂದುಕೊಂಡಳು. ಆದರೆ ಪುಟ ಸರಿದಂತೆ ತೊಡಕಾಗಿದ್ದು ಬೇರೆಯದು. ‘ಸ’ ಎಲ್ಲಿ, ‘ಶ’ ಎಲ್ಲಿ, ಗೊತ್ತೇ ಆಗುತ್ತಿರಲಿಲ್ಲ. ಆ ಪುಸ್ತಕದಲ್ಲೋ ಪುಟಕ್ಕೆ ನಾಲ್ಕು ಸಲ ಶಾಲು, ಐದು ಸಲ ಸಾಲು. ‘ಅಂಗಳದ ತುಂಬ ಶಾಲುಗಳ ಸಾಲು’ ಎಂಬಲ್ಲಿ ಶಾಲಿನ ಸಾಲೋ ಸಾಲಿನ ಶಾಲೋ ದೇವರೇ ಬಲ್ಲ.

ಎರಡು ಅಧ್ಯಾಯಕ್ಕೆ ನಲವತ್ತಮೂರು ಗುರುತು. ಕೊನೆಗೆ ‘ಸಕಾರ ಶಕಾರಗಳ ವ್ಯತ್ಯಾಸ ಇಲ್ಲ’ ಎಂದು ಬರೆಯುವಾಗ ಕೈ ಸ್ವಲ್ಪ ತಡೆಯಿತು. ಈ ಎರಡು ಅಕ್ಷರ ಹಿಡಿದು ಯಾರು ಯಾರನ್ನು ಆಡಿಕೊಂಡು ನಗುತ್ತಾರೆ, ಯಾವ ಮನೆಯಿಂದ ಬಂದವರೆಂದು ಹೇಗೆ ತೂಗುತ್ತಾರೆ ಎಂದು ಅವಳಿಗೆ ಗೊತ್ತು. ಆದರೆ ಕಣ್ಣಿಲ್ಲದವರು ಪುಸ್ತಕ ತೆರೆದು ನೋಡುವ ಹಾಗಿಲ್ಲವಲ್ಲ. ಬರೆದು ಕಳಿಸಿದಳು.

ಆಮೇಲಿನ ಅಧ್ಯಾಯಗಳದ್ದೂ ಅದೇ ಕತೆ. ತಿಂಗಳು ಕಳೆದ ಮೇಲೆ ಸಂಸ್ಥೆಯಿಂದ ಫೋನು ಬಂತು. ಸಂಸ್ಥೆ ನಡೆಸುವವರೂ ರೆಕಾರ್ಡಿಂಗ್ ಕೋಣೆ ನೋಡಿಕೊಳ್ಳುವವರೂ ಒಬ್ಬರೇ, ಅರವತ್ತು ದಾಟಿದ ಸೌಂಡ್ ಮೇಡಂ.

“ತಾಳೆ, ಈ ಟೈಲರಮ್ಮನ ಧ್ವನಿ ಚೆನ್ನಾಗಿದೆ ಅಂತ ಕರೆದಿದ್ದೇ ನಾನು. ನನಗೇನೋ ಸರಿಯಾಗೇ ಕೇಳ್ತು. ಆದ್ರೆ ಸಣ್ಣ ಸದ್ದು ನನ್ನ ಕಿವಿಗೆ ಬೀಳಲ್ಲ ಅಂತ ಡಾಕ್ಟ್ರು ಬರೆದೇ ಕೊಟ್ಟಿದಾರಲ್ಲ. ನಾನು ನಂಬೋದು ನಿನ್ನ ಕಿವೀನೇ. ಮೊದಲೆರಡು ಅಧ್ಯಾಯ ಮತ್ತೆ ಓದಿಸಿದೀನಿ, ಕೇಳಿ ಹೇಳು. ಆಗಲ್ಲ ಅಂದ್ರೆ ಶನಿವಾರ ಪುಸ್ತಕ ಬೇರೆಯವರ ಕೈಗೆ ಕೊಟ್ಬಿಡೋಣ.”

“ಅವರು ಏನಂದ್ರು ಮೇಡಂ?”

“ಏನೂ ಅನ್ಲಿಲ್ಲ. ಪುಸ್ತಕ ಚೀಲಕ್ಕೆ ಹಾಕ್ಕೊಂಡು ಹೋದ್ಲು. ಮಾತಾಡಿದ್ರೆ ಚೆನ್ನಾಗಿತ್ತು.”

ಗುರುವಾರ ಬೆಳಗ್ಗೆ ತಾಳೆ ಅಕ್ಕ ಹಳೆಯ ಓದು, ಹೊಸ ಓದು ಎರಡನ್ನೂ ತೆರೆದಿಟ್ಟುಕೊಂಡು ಕೂತಳು. ಹಳೆಯದು ಓಡುತ್ತಿತ್ತು. ನಡುವೆ ಕಿವಿಯಲ್ಲಿ ಅತ್ತೆ.

“ಏನೇ, ನಾನು ತಂಗಿ ಹತ್ರ ಫೋನಲ್ಲಿ ಮಾತಾಡ್ಬೇಕು. ನೀನು ಕೇಳಿಸ್ಕೋಬೇಡ.”

“ಇಲ್ಲ ಅತ್ತೆ, ಕೇಳಿಸ್ಕೊಳ್ಳಲ್ಲ.”

“ಕಿವಿಯೊಳಗೇ ಕೂರಿಸ್ಕೊಂಡಿದೀಯ, ಕೇಳಿಸ್ಕೊಳ್ಳಲ್ಲ ಅಂದ್ರೆ ಹೇಗೆ? ನಿನ್ನ ವಿಷಯಾನೇ ಮಾತಾಡ್ಬೇಕಿತ್ತು ನಾನು. ಏಳು ವಾರ ಆಯ್ತು, ಒಂದು ಮಾತು ಬಿಚ್ಚಿ ಆಡೋಕಾಗ್ತಿಲ್ಲ. ಇದನ್ನ ಆರಿಸೋದು ಹೇಗೆ? ಈ ಕೆಂಪು ಗುಂಡಿನಾ?”

ಹೌದು ಎನ್ನುವಷ್ಟರಲ್ಲಿ ಅತ್ತೆ ಒತ್ತಿದ್ದರು. ಕರೆ ಕಟ್ಟಾಯಿತು. ಒಂದು ಕ್ಷಣ ಕಿವಿಯಲ್ಲಿ ಏನೂ ಇಲ್ಲ. ಮರುಕ್ಷಣ ಓಡುತ್ತಿದ್ದ ವಾಕ್ಯದ ನಡುಮಧ್ಯದಿಂದ ಟೈಲರಮ್ಮನ ಧ್ವನಿ ಹೊರಬಂತು, ಕೊಳವೆಯಿಂದ ಎದ್ದು ಬಂದು ಎದುರಿಗೇ ಕೂತ ಹಾಗೆ. ಉಸಿರು ಕೇಳಿಸಿತು. ಪುಟ ಮಗುಚಿದ ಸದ್ದು ಕೇಳಿಸಿತು. ಅಂಗಳದ ತುಂಬ ಶಾಲುಗಳ ಸಾಲು. ಶಾಲು ಶಾಲೇ ಆಗಿತ್ತು, ಸಾಲು ಸಾಲೇ.

ತಾಳೆ ಅಕ್ಕ ನಿಲ್ಲಿಸಿದಳು. ಹಿಂದಕ್ಕೆ ಓಡಿಸಿ ಕೇಳಿದಳು. ಸರಿಯಾಗಿತ್ತು. ಅತ್ತೆಗೆ ಮತ್ತೆ ಕರೆ ಹಚ್ಚಿದಳು. ಧ್ವನಿ ಕುಗ್ಗಿ ತಗಡಾಯಿತು. ಕಟ್ ಮಾಡಿದಳು, ಅರಳಿತು. ಮತ್ತೆ ಹಚ್ಚಿದಳು.

“ಏನಾಗಿದೆಯೇ ನಿನಗೆ? ಹಚ್ಚಿ ಆರಿಸಿ, ಹಚ್ಚಿ ಆರಿಸಿ! ನನ್ನ ತಂಗಿ ಆ ಕಡೆ ಹಲೋ ಹಲೋ ಅಂತಿದಾಳೆ.”

“ನೀವು ಮಾತಾಡಿ ಅತ್ತೆ, ಎಷ್ಟು ಹೊತ್ತಾದ್ರೂ ಮಾತಾಡಿ.”

ಊಟದ ಹೊತ್ತಿಗೆ ನಲವತ್ತಮೂರು ಜಾಗವನ್ನೂ ಒಂದೊಂದಾಗಿ ಮತ್ತೆ ಕೇಳಿ ಮುಗಿಸಿದ್ದಳು. ನಿಜವಾದ ತಪ್ಪು ಆರು. ಉಳಿದ ಮೂವತ್ತೇಳು ಅವಳ ಕಿವಿಯದ್ದು. ಆಮೇಲೆ ಟೈಲರಮ್ಮನ ಹೊಸ ಓದನ್ನು ಕೇಳಿದಳು. ಅದು ಇನ್ನೂ ಕಷ್ಟವಾಯಿತು. ಕಲ್ಲಿರುವ ಅನ್ನ ಉಣ್ಣುವವರಂತೆ ಪ್ರತಿ ‘ಸ’ದ ಮುಂದೆ ಅವಳು ತಡೆದು, ಹುಷಾರಾಗಿ ಕಚ್ಚಿ, ಬುಸ್ ಎನ್ನಿಸಿ ಮುಂದೆ ಹೋಗುತ್ತಿದ್ದಳು. ಕತೆ ಎಲ್ಲೋ ಬಿದ್ದುಹೋಗಿತ್ತು. ಮೊದಲ ಓದು ಎಷ್ಟು ಸಲೀಸಾಗಿತ್ತೆಂದು ಆಗಲೇ ತಾಳೆ ಅಕ್ಕನಿಗೆ ಗೊತ್ತಾಗಿದ್ದು.

ಸೌಂಡ್ ಮೇಡಂಗೆ ಫೋನು ಮಾಡಿ ಸುತ್ತಿ ಬಳಸದೆ ಹೇಳಿದಳು.

“ಇಯರ್‌ಬಡ್‌ನಲ್ಲಿ ಮೈಕೂ ತೆರೆದಿಟ್ಟಿದ್ಯಾ? ದಿನವಿಡೀ? ಅಯ್ಯೋ ತಾಯಿ, ಅದಕ್ಕೆ ಸಿಗೋ ದಾರಿ ಕಿರಿದು. ಬರೀ ಕೇಳ್ತಿದ್ರೆ ಇಡೀ ದಾರಿ ಕೇಳೋದಕ್ಕೆ. ಮಾತೂ ಆಡ್ಬೇಕು ಅಂದ್ರೆ ಅರ್ಧ ಹೋಗೋ ಮಾತಿಗೆ, ಅರ್ಧ ಬರೋ ಮಾತಿಗೆ. ಆಗ ಎಲ್ಲಾ ಹಳೇ ಟೆಲಿಫೋನಾಗುತ್ತೆ. ಮೊದಲು ಉದುರೋದೇ ಸಕಾರ.”

ಮೇಡಂ ಹೇಳಿದಂತೆ ಕಂಪ್ಯೂಟರಿನ ಸೌಂಡ್ ಸೆಟ್ಟಿಂಗ್ ತೆರೆದು ನೋಡಿದಳು. ಅದೇ ಇಯರ್‌ಬಡ್ ಎರಡು ಹೆಸರಲ್ಲಿ ಕೂತಿತ್ತು, ಒಂದು ಹೆಡ್‌ಫೋನ್, ಇನ್ನೊಂದು ಹ್ಯಾಂಡ್ಸ್‌ಫ್ರೀ. ಕೇಳಲು ಹೆಡ್‌ಫೋನನ್ನೂ, ಮಾತಾಡಲು ಕಂಪ್ಯೂಟರಿನದೇ ಮೈಕನ್ನೂ ಆರಿಸಿದಳು. ಕರೆಯ ಆ್ಯಪಿನಲ್ಲೂ ಹಾಗೇ ಬದಲಿಸಿದಳು. ಕರೆ ಹಚ್ಚಿದರೂ ಈಗ ಧ್ವನಿ ಕುಗ್ಗಲಿಲ್ಲ. ನಾಲ್ಕು ನಿಮಿಷದ ಕೆಲಸ. ಹ್ಯಾಂಡ್ಸ್‌ಫ್ರೀ ಎಂದರೆ ಕೈ ಬಿಡುವು ಅಂತೆ. ಅವಳಿಗೆ ನಗು ಬಂತು, ಪೂರ್ತಿ ಬರಲಿಲ್ಲ.

ಆದರೆ ಅಡುಗೆಮನೆಯಿಂದ ‘ಬಂದೆ’ ಎಂದರೆ ಇನ್ನು ಅತ್ತೆಗೆ ಕೇಳುವುದಿಲ್ಲ. ಸಂಜೆ ಗಂಡನಿಗೆ ಹೇಳಿದಳು.

“ಹಾಗಾದ್ರೆ ಮೊದಲಿನ ಹಾಗೇ ಇಡು. ಇಷ್ಟು ದಿನ ನಡೀಲಿಲ್ವಾ?”

“ನಡೆದಿದ್ದಕ್ಕೇ ಒಬ್ಬರ ಬಾಯಿಂದ ಪುಸ್ತಕ ಕಿತ್ಕೊಳ್ಳೋ ಹಾಗಾಗಿದ್ದು. ಹತ್ತರಿಂದ ಎರಡರ ತನಕ ಕರೆ ನಿಮ್ಮ ಫೋನಿಗೆ ಬರಲಿ. ಏನಾದ್ರೂ ತೀರಾ ಬೇಕಾದ್ರೆ ನನಗೆ ಹೇಳಿ.”

“ಆಫೀಸಲ್ಲಿ ಎಲ್ಲರ ಎದುರು ಅಮ್ಮ ಬೆನ್ನು ಕೆರೀತಿದೆ ಅಂದ್ರೆ? ನನಗೆ ಕೆಲಸ ಇರುತ್ತಲ್ವೇನೇ?”

“ನನಗೇನ್ರೀ ಇರುತ್ತೆ?”

ಆ ತುದಿಯ ಕೋಣೆಯಿಂದ ಟ್ಯಾಬ್ಲೆಟ್ಟಿನ ನೆರವಿಲ್ಲದೆ ಅತ್ತೆಯ ಗಂಟಲು ನೇರವಾಗಿ ಬಂತು. “ನನ್ನ ಬೆನ್ನಿನ ಪಂಚಾಯ್ತಿ ಅಲ್ಲಿ ಯಾಕೆ? ಹತ್ತರಿಂದ ಎರಡರ ತನಕ ನಾನು ಯಾರನ್ನೂ ಕೂಗಲ್ಲ. ಒಂದು ಚೊಂಬು ನೀರು, ಫೋನು, ಎರಡೂ ಕೈಗೆಟುಕೋ ಹಾಗಿಟ್ಟು ಹೋಗಿ. ಬಿದ್ದರೆ ಮಾತ್ರ ಮಗನ ಆಫೀಸಿಗೇ ಕಿರುಚ್ತೀನಿ.”

ಶನಿವಾರ ತಾಳೆ ಅಕ್ಕ ಸಂಸ್ಥೆಗೆ ಹೋದಳು. ಫೋನಿನಲ್ಲಿ ಮುಗಿಸುವ ಮಾತಲ್ಲ ಅನ್ನಿಸಿತ್ತು. ಕಿರಿದಾದ ಮೆಟ್ಟಿಲು, ಮೇಲೆ ಎರಡು ಕೋಣೆ, ನಡುವೆ ದಪ್ಪ ಗಾಜು. ಬೆಂಚಿನ ಮೇಲೆ ನಲವತ್ತರ ಒಬ್ಬ ಹೆಂಗಸು ಕೂತಿದ್ದಳು. ರವಿಕೆಯ ತೋಳಿಗೆ ಎರಡು ಗುಂಡುಸೂಜಿ ಚುಚ್ಚಿದ್ದವು, ತೆಗೆಯಲು ಮರೆತವು. ಮಡಿಲಲ್ಲಿ ಪುಸ್ತಕ, ಹಿಂತಿರುಗಿಸಲು ತಂದವಳಂತೆ ಕಾಗದ ಸುತ್ತಿದ್ದಳು.

“ನೀವೇನಾ ತಾಳೆ ಅಕ್ಕ? ದಪ್ಪ ಕನ್ನಡಕ ಹಾಕ್ಕೊಂಡು ಎತ್ತರಕ್ಕೆ ಇರ್ತೀರಿ ಅಂದ್ಕೊಂಡಿದ್ದೆ.”

ತಾಳೆ ಅಕ್ಕ ಪಕ್ಕದಲ್ಲೇ ಕೂತು, ಅತ್ತೆಯ ಸೊಂಟದಿಂದ ಹಿಡಿದು ಎಲ್ಲ ಹೇಳಿದಳು. “ತಪ್ಪು ನನ್ನದು. ಮೂವತ್ತೇಳು ಕಡೆ ನೀವು ಸರಿಯಾಗೇ ಓದಿದ್ರಿ. ಒಂದು ದಿನ ಬೇರೆಯವರ ಹಳೇ ರೆಕಾರ್ಡು ಹಾಕಿ ತಾಳೆ ನೋಡಿದ್ರೆ ಗೊತ್ತಾಗ್ತಿತ್ತು. ನಾನು ಮೊದಲು ನಿಮ್ಮ ನಾಲಿಗೆ ಮೇಲೇ ಅನುಮಾನಪಟ್ಟೆ.”

ಟೈಲರಮ್ಮ ಕಾಗದದ ಅಂಚನ್ನು ಉಗುರಿನಿಂದ ಗೀರುತ್ತ ಕೇಳಿದಳು. ಎಲ್ಲ ಮುಗಿದ ಮೇಲೆ ಹೇಳಿದಳು:

“ನಾಲ್ಕನೇ ಕ್ಲಾಸಲ್ಲಿ ಸಾಲೆ ಅಂದೆ ಅಂತ ಮೇಷ್ಟ್ರು ಬೆಂಚಿನ ಮೇಲೆ ನಿಲ್ಸಿದ್ರು. ಆಮೇಲೆ ಮಿಷನ್ ತುಳೀತಾ ತುಳೀತಾ ನಾನೇ ಕಲ್ತೆ. ಸೂಜಿ ಒಳಗೆ ಹೋದ್ರೆ ಸ, ಮೇಲೆ ಬಂದ್ರೆ ಶ. ಎಷ್ಟು ವರ್ಷ ಅನ್ಕೊಂಡ್ರಿ? ದಿನಾ ಶಾಲಿಗೆ ಅಂಚು ಹೊಲಿಯೋಳು ನಾನು. ನಿಮ್ಮ ಗುರುತು ನೋಡಿದ ದಿನ, ಇದು ನನ್ನಿಂದ ಹೋಗೇ ಇಲ್ಲ, ಇಷ್ಟು ವರ್ಷ ಎಲ್ಲರೂ ಮರ್ಯಾದೆಗೆ ಸುಮ್ನಿದ್ರು ಅನ್ನಿಸ್ತು.” ತಡೆದು ಅಂದಳು, “ನಿಮ್ಮ ಕಿವಿ ಈಗ ಸರಿಹೋಯ್ತು ಅಕ್ಕ. ನನ್ನ ನಾಲಿಗೆ ಕೆಟ್ಟೋಯ್ತಲ್ಲ.”

ಬಾಗಿಲಲ್ಲಿ ನಿಂತಿದ್ದ ಸೌಂಡ್ ಮೇಡಂ ಕೆಮ್ಮಿದರು. “ಮೊದಲಿನ ಓದೇ ಇಟ್ಕೋತೀನಿ. ಆಮೇಲಿನ ಅಧ್ಯಾಯಗಳನ್ನ ತಾಳೆ ಮತ್ತೆ ಕೇಳ್ತಾಳೆ. ಆ ಆರು ಸಾಲು ಓದು, ಆಮೇಲೆ ಮುಂದಿನ ಅಧ್ಯಾಯ ಶುರು ಮಾಡು. ಆಗಲ್ಲ ಅನ್ನಿಸಿದ್ರೆ ಆಗಲೂ ಪುಸ್ತಕ ಕೊಡಬಹುದು.”

ಟೈಲರಮ್ಮ ಕಾಗದ ಬಿಚ್ಚಿದಳು. ಮೈಕಿನ ಮುಂದೆ ಕೂತಳು. ತಾಳೆ ಅಕ್ಕ ಗಾಜಿನ ಈಚೆ ನಿಲ್ಲದೆ ಒಳಗೇ ಹೋಗಿ, ಇನ್ನೊಂದು ಪ್ರತಿ ಮಡಿಲಲ್ಲಿಟ್ಟುಕೊಂಡು, ಪೆನ್ಸಿಲ್ ಹಿಡಿದು ಪಕ್ಕದ ಕುರ್ಚಿಯಲ್ಲಿ ಕೂತಳು.

ಆರು ಸಾಲು ಮುಗಿದ ಮೇಲೆ, ಹೊಸ ಅಧ್ಯಾಯದ ಮೊದಲ ಪುಟದಲ್ಲಿ ಓದು ಕುಂಟಿತು. ‘ಸ’ ಬಂದಾಗಲೆಲ್ಲ ಟೈಲರಮ್ಮ ಕಣ್ಣೆತ್ತಿ ಇವಳ ಮುಖ ನೋಡುತ್ತಿದ್ದಳು. ಸರಿ ಎಂದು ತಲೆಯಾಡಿಸಲು ತಾಳೆ ಅಕ್ಕನಿಗೆ ತುಂಬ ಆಸೆಯಾಯಿತು. ಆಡಿಸಲಿಲ್ಲ. ಒಮ್ಮೆ ಆಡಿಸಿದರೆ ಪ್ರತಿ ಅಕ್ಷರಕ್ಕೂ ಆ ತಲೆ ಬೇಕಾಗುತ್ತದೆ. ಅವಳು ಪುಸ್ತಕದಿಂದ ಕಣ್ಣು ಕೀಳದೆ ಕೇಳುತ್ತ ಕೂತಳು. ಎರಡನೆಯ ಪುಟದಲ್ಲಿ ಒಂದು ಕಡೆ ಪೆನ್ಸಿಲ್ ಸರಕ್ಕೆಂದಿತು. ಓದು ನಿಂತೇಬಿಟ್ಟಿತು.

“ಏನು? ಮತ್ತೆ ಸಕಾರನಾ?”

“ಅಲ್ಲ. ‘ಅವಳು ಮನೆಗೆ ಬಂದಳು’ ಅಂತಿದೆ. ನೀವು ‘ಬಂದಾಳು’ ಅಂದ್ರಿ.”

ಟೈಲರಮ್ಮ ಪುಸ್ತಕ ಮುಖದ ಹತ್ತಿರ ಹಿಡಿದು ನೋಡಿದಳು. “ಹೌದಲ್ಲ! ಬಂದೇಬಿಟ್ಟವಳನ್ನ ನಾನು ಬಾಗಿಲಲ್ಲೇ ಕಾಯಿಸ್ತಿದೀನಿ.”

“ನಿಜವಾದ ತಪ್ಪು ಇದು.”

“ಗೊತ್ತಾಯ್ತು ಬಿಡಿ, ನನ್ನದೇ.” ಅವಳು ನೀರು ಕುಡಿದು, ಬೆನ್ನು ನೇರ ಮಾಡಿ ಕೂತು, ಆ ವಾಕ್ಯದ ಮೊದಲಿಗೆ ಹೋಗಿ ಓದತೊಡಗಿದಳು. ಆ ಪುಟದ ಕೊನೆಯವರೆಗೆ ಕಣ್ಣೆತ್ತಲಿಲ್ಲ.